ಹಬ್ಬಕ್ಕೆ ತಂದ ಅರಿಶಿನ ಕೊಂಬು ಏಕೆ ಮೊಳೆಯುವುದಿಲ್ಲ?

ಪ್ರಶ್ನೆ: ವರಮಹಾಲಕ್ಷ್ಮಿ ಹಬ್ಬಕ್ಕೆ ತಂದ ಅರಿಶಿನ ಕೊಂಬುಗಳಲ್ಲಿ ಉಳಿದವನ್ನು ಕುಂಡದಲ್ಲಿ ನೆಟ್ಟೆವು. ತಪ್ಪದೆ ನೀರು ಹಾಕಿದರೂ ಒಂದೂ ಮೊಳೆಯಲಿಲ್ಲ. ಕೋಲಾರದ ಮಣ್ಣು, ಬೋರ್‌ವೆಲ್ ನೀರು ಇದಕ್ಕೆ ಒಗ್ಗುವುದಿಲ್ಲವೇ?

ಉತ್ತರ: ಮಣ್ಣಿನದಾಗಲಿ ನೀರಿನದಾಗಲಿ ತಪ್ಪಿಲ್ಲ, ದಿನಸಿ ಅಂಗಡಿಯ ಕೊಂಬು ನಿಮ್ಮ ಕೈ ಸೇರುವ ಮೊದಲೇ ಬೆಂದಿರುತ್ತದೆ. ಹೊಲದಿಂದ ಕಿತ್ತ ಹಸಿ ಅರಿಶಿನವನ್ನು ಬೇರು, ಮಣ್ಣು ಬಿಡಿಸಿ, ದೊಡ್ಡ ಕೊಪ್ಪರಿಗೆಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಕುದಿಸುತ್ತಾರೆ. ನೊರೆಯುಕ್ಕಿ, ಬಿಳಿ ಹಬೆಯೊಡನೆ ಘಮಲು ಎದ್ದು, ಚುಚ್ಚಿದ ಕಡ್ಡಿ ಸಲೀಸಾಗಿ ಒಳಗಿಳಿದರೆ ಹದ ಬಂದಂತೆ. ಬಳಿಕ 10ರಿಂದ 15 ದಿನ ಬಿಸಿಲಿನಲ್ಲಿ ಒಣಗಿಸಿ, ಪೀಪಾಯಿಯಲ್ಲಿ ಹಾಕಿ ತಿರುಗಿಸಿ ಹೊಳಪು ಬರಿಸುತ್ತಾರೆ. ಅಂಥ ಕೊಂಬೊಂದನ್ನು ಮುರಿದು ನೋಡಿ: ಟಕ್ಕೆಂದು ಮುರಿಯುತ್ತದೆ, ಒಳಗೆಲ್ಲ ಒಂದೇ ಸಮನಾದ ಕಿತ್ತಳೆ ಹಳದಿ. ಪಿಷ್ಟ ಬೆಂದು ಗಟ್ಟಿಯಾಗಿ, ಬಣ್ಣ ಎಲ್ಲೆಡೆ ಹರಡಿದ್ದರ ಗುರುತು ಅದು. ಕುದಿಯುವಾಗಲೇ ಕಣ್ಣುಗಳು, ಅಂದರೆ ಮೊಳಕೆ ಒಡೆಯಬೇಕಾದ ಮೊಗ್ಗುಗಳು, ಸತ್ತಿರುತ್ತವೆ. ಕಂಕಣಕ್ಕೆ, ಪೂಜೆಯ ತಟ್ಟೆಗೆ, ಸುಣ್ಣ ಬೆರೆಸಿ ಕುಂಕುಮ ಮಾಡುವುದಕ್ಕೆ ಇದರಿಂದ ಯಾವ ಕೊರತೆಯೂ ಇಲ್ಲವಾದ್ದರಿಂದ ಈ ವಿಷಯ ಯಾರ ಗಮನಕ್ಕೂ ಬರುವುದಿಲ್ಲ.

ಬೀಜ ಬಿತ್ತೋಣವೆಂದರೆ ಅದೂ ಆಗದು. ಅರಿಶಿನ ಚೆಂದದ ಹೂಗೊಂಚಲನ್ನೇನೋ ಬಿಡುತ್ತದೆ. ಆದರೆ ಅದು ಎರಡರ ಬದಲು ಮೂರು ಕಂತೆ ವರ್ಣತಂತುಗಳುಳ್ಳ (ಕ್ರೋಮೋಸೋಮ್) ಬಂಜೆ ಸಸ್ಯವಾದ್ದರಿಂದ ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಶುಂಠಿಯ ಕುಟುಂಬದ ಈ ಗಿಡವನ್ನು ರೈತರು ಗೆಡ್ಡೆಯಿಂದಲೇ ಬೆಳೆಸಿಕೊಂಡು ಬಂದಿದ್ದಾರೆ.

ಆದ್ದರಿಂದ ನಿಮಗೆ ಬೇಕಾದದ್ದು ಬೇಯಿಸದ ಹಸಿ ಗೆಡ್ಡೆ. ಅದು ಸಿಗುವುದು ಸಂಕ್ರಾಂತಿಯ ಆಸುಪಾಸಿನಲ್ಲಿ. ಪೊಂಗಲ್ ಮಡಕೆಯ ಕುತ್ತಿಗೆಗೆ ಎಲೆಸಹಿತ ಅರಿಶಿನ ಕಟ್ಟುವ ತಮಿಳರ ವಾಡಿಕೆಯಿಂದಾಗಿ ಕೆಜಿಎಫ್ ಕಡೆಯಲ್ಲಿ ಹುಡುಕುವುದು ಸುಲಭವಾದೀತು. ಗಟ್ಟಿಯಾದ, ಕಣ್ಣುಗಳು ಉಬ್ಬಿದ ಗೆಡ್ಡೆಗಳನ್ನು ಆರಿಸಿ, ನೆರಳಿನಲ್ಲಿ ಒಣ ಮರಳಿನೊಳಗೆ ಇಟ್ಟು, ಏಪ್ರಿಲ್–ಮೇ ತಿಂಗಳಲ್ಲಿ ಮುಂಗಾರುಪೂರ್ವ ಮಳೆ ಬಿದ್ದಾಗ ನೆಡಿ. ಒಂದೆರಡು ಕಣ್ಣುಳ್ಳ, 20–30 ಗ್ರಾಂ ತೂಕದ ತುಂಡನ್ನು ಸುಮಾರು 5 ಸೆಂ.ಮೀ. ಆಳಕ್ಕೆ ಇಟ್ಟರೆ ಸಾಕು. ಕೆಂಪು ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಬೆರೆಸಿ. ನೀರು ನಿಂತರೆ ಗೆಡ್ಡೆ ಕೊಳೆಯುವುದರಿಂದ ಕುಂಡದ ತಳದ ತೂತು ತೆರೆದಿರಲಿ. ಅರೆನೆರಳಾದರೂ ಬೆಳೆಯುತ್ತದೆ. ಏಳರಿಂದ ಒಂಬತ್ತು ತಿಂಗಳಲ್ಲಿ ಎಲೆಗಳು ಹಳದಿಯಾಗಿ ಒಣಗಿದ ಮೇಲೆಯೇ ಅಗೆಯಿರಿ.