ಊರ ತುಂಬ ರೋಗಿಗಳಿರುವಾಗ ಬೊಂಬೆ ಯಾಕೆ?

ಪ್ರಶ್ನೆ: ಮಗಳು ಬೆಂಗಳೂರಿನಲ್ಲಿ ಎಂಬಿಬಿಎಸ್ ಎರಡನೇ ವರ್ಷ. ಬೊಂಬೆಗಳ ಮೇಲೆ ಕೈಕೆಲಸ ಕಲಿಸುವ ಸ್ಕಿಲ್ ಲ್ಯಾಬ್‌ನಲ್ಲಿ ರಬ್ಬರ್ ಕೈಗೆ ಸೂಜಿ ಚುಚ್ಚಿಸುತ್ತಾರಂತೆ. ವಿಕ್ಟೋರಿಯಾ, ವಾಣಿವಿಲಾಸದಂಥ ಆಸ್ಪತ್ರೆಗಳಿರುವ ಊರಲ್ಲಿ ರೋಗಿಗಳಿಗೇನು ಬರವೇ?

ಉತ್ತರ: ಬರವಿಲ್ಲ, ನಿಜ. ಆದರೆ ಪಾಠದ ದಿನವೇ ಬೇಕಾದ ಕೇಸ್ ಬರಬೇಕಲ್ಲ. ವಾರ್ಡಿನಲ್ಲಿ ಯಾರದೋ ಹೃದಯ ನಿಂತಾಗ ‘ಬಾಮ್ಮಾ, ನೀನು ಎದೆ ಒತ್ತು ನೋಡೋಣ’ ಎನ್ನಲು ಯಾರಿಗೆ ಪುರುಸೊತ್ತು? ವಿದ್ಯಾರ್ಥಿಗಳು ಹಿಂದೆ ನಿಂತು ಇಣುಕುತ್ತಾರೆ, ಅಷ್ಟೇ.

ಬೊಂಬೆಯ ಹೃದಯವನ್ನು ಎಷ್ಟು ಸಲ ಬೇಕಾದರೂ ನಿಲ್ಲಿಸಬಹುದು. ದೊಡ್ಡವರ ಎದೆಯನ್ನು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಓದೋಕೆ ಸುಲಭ. ಒತ್ತಲು ಕೂತರೆ ಎರಡು ನಿಮಿಷಕ್ಕೇ ತೋಳು ಸೋಲುತ್ತದೆ. ಹೀಗೆ ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ಕಲಿಸುವ ‘ರೆಸಸಿ ಆನ್’ ಬೊಂಬೆಯನ್ನು 1960ರಲ್ಲಿ ತಂದವರು ನಾರ್ವೆಯ ಓಸ್ಮುಂಡ್ ಲಾರ್ಡಾಲ್. ಮಕ್ಕಳ ಆಟಿಕೆ ಮಾಡುತ್ತಿದ್ದವರು!

ಇನ್ನು ರಬ್ಬರ್ ಕೈ. ತೋಳಿಗೆ ಪಟ್ಟಿ ಬಿಗಿದು, ಡ್ರಿಪ್ಸ್ ಹಾಕುವ ಕ್ಯಾನುಲಾ (ಒಳಗೆ ಸೂಜಿಯಿರುವ ಪ್ಲಾಸ್ಟಿಕ್ ನಳಿಕೆ) ತೂರಿಸುತ್ತಾರೆ. ಅದರ ಹಿಂಬದಿಯಲ್ಲಿ ಕೆಂಪು ನೀರು ಇಣುಕಿದರೆ ಸೂಜಿ ರಕ್ತನಾಳ ಮುಟ್ಟಿದೆ ಎಂದರ್ಥ. ಆಮೇಲೆ ಸೂಜಿಯನ್ನು ಅಲುಗಿಸದೆ ಪ್ಲಾಸ್ಟಿಕ್ ನಳಿಕೆಯನ್ನಷ್ಟೇ ಮುಂದೆ ತಳ್ಳಬೇಕು. ಪಟ್ಟಿ ಸಡಿಲಿಸಿಯೇ ಸೂಜಿ ಎಳೆಯಬೇಕು. ಮರೆತರೆ ಹಾಸಿಗೆ ಪೂರಾ ರಕ್ತ. ಇಂಥ ಮರೆವು ರಬ್ಬರಿನ ಮುಂದೆಯೇ ಮುಗಿಯಲಿ, ಅಲ್ವಾ?

ಆದರೆ ಹಳೇ ರಬ್ಬರ್ ಕೈಯಲ್ಲಿ ಹಿಂದಿನವರು ಚುಚ್ಚಿದ ತೂತುಗಳು ಕಣ್ಣಿಗೇ ಕಾಣುತ್ತವೆ. ಹುಡುಗರು ನಾಳ ಹುಡುಕುವುದಿಲ್ಲ, ತೂತು ಹುಡುಕುತ್ತಾರೆ. ಜೊತೆಗೆ ಅದು ‘ಅಯ್ಯೋ’ ಅನ್ನುವುದಿಲ್ಲ, ಕೈ ಎಳೆದುಕೊಳ್ಳುವುದೂ ಇಲ್ಲ. ವಯಸ್ಸಾದವರ ನಾಳ ಸೂಜಿಯಡಿ ಜಾರಿಕೊಳ್ಳುವುದು ನಿಜವಾದ ಕೈಯಲ್ಲೇ ಗೊತ್ತಾಗೋದು.

ಮಾತಿನ ಅಭ್ಯಾಸಕ್ಕೆ ಬೊಂಬೆಗಿಂತ ರೋಗಿಯಂತೆ ನಟಿಸುವ ಮನುಷ್ಯರೇ ವಾಸಿ. ಬೆಂಗಳೂರಿನಲ್ಲಿ ಹೊರರಾಜ್ಯದ ವಿದ್ಯಾರ್ಥಿಗಳು ಜಾಸ್ತಿ. ‘ಹೊಟ್ಟೆ ತೊಳಸ್ತಿದೆ ಸಾರ್’ ಎಂದರೆ ತಬ್ಬಿಬ್ಬಾಗುತ್ತಾರೆ. ನಟಿಸುವವರು ಕನ್ನಡದಲ್ಲೇ ನರಳಲಿ ಎನ್ನುವವನು ನಾನು.

2019ರಲ್ಲಿ ಬಂದ ಎಂಬಿಬಿಎಸ್ ಪಠ್ಯಕ್ರಮ ಸ್ಕಿಲ್ ಲ್ಯಾಬ್‌ಗೆ ಒತ್ತು ಕೊಟ್ಟಿದೆ. ಹಾಗಾಗಿ ಬೊಂಬೆ ಇದೆಯಾ ಅನ್ನುವುದು ಈಗ ದೊಡ್ಡ ಪ್ರಶ್ನೆಯಲ್ಲ. ಮಗಳನ್ನು ಬೇರೆಯೇ ಕೇಳಿ: ಚುಚ್ಚುವಾಗ ಮೇಷ್ಟ್ರು ಪಕ್ಕದಲ್ಲಿ ನಿಂತು ನೋಡುತ್ತಾರಾ? ಮುಗಿದ ಮೇಲೆ ಕೂರಿಸಿ ‘ಎಲ್ಲಿ ತಪ್ಪಿತು, ಯಾಕೆ’ ಎಂದು ಮಾತಾಡಿಸುತ್ತಾರಾ? ಅರ್ಧ ಕಲಿಕೆ ಆಗುವುದು ಆ ಮಾತಿನಲ್ಲೇ. ಸುಮ್ನೆ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದ ಒಂದೊಂದು ಸಲ ಚುಚ್ಚಿಸಿ ಸಹಿ ಹಾಕಿ ಕಳಿಸುತ್ತಾರೆ ಎಂದಾದರೆ, ಎಷ್ಟು ದುಬಾರಿ ಬೊಂಬೆಯಿದ್ದರೂ ದಂಡ.