ಮಂಡ್ಯದ ಮಕ್ಕಳಿಗೆ ಸಿನಿಮಾ ಹೆಸರು ಬಂದ ಬಗೆ

ಮಗುವಿಗೆ ಸಿನಿಮಾದ ಹೆಸರಿಟ್ಟರೆ ಮಂಡ್ಯ, ಮೈಸೂರು ಕಡೆಯ ಹಿರಿಯರು ಈಗಲೂ ಮುಖ ಸಿಂಡರಿಸುತ್ತಾರೆ. ‘ಮನೆದೇವ್ರ ಹೆಸರು ಬಿಟ್ಟು ಇದೇನವ್ವ?’ ಎಂದು ಕೇಳುತ್ತಾರೆ. ಆ ಬೇಸರ ಅರ್ಥವಾಗುವಂಥದ್ದೇ. ಆದರೆ ಈ ಸೀಮೆಯಲ್ಲಿ ಮನೆದೇವರಿಗೂ ಸಿನಿಮಾಕ್ಕೂ ಇರುವ ನಂಟು ನಾವು ಅಂದುಕೊಂಡಿದ್ದಕ್ಕಿಂತ ಹಳೆಯದು.

ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿ ದಡದ ಊರು ಮುತ್ತತ್ತಿ. ಅಲ್ಲಿನ ಆಂಜನೇಯನನ್ನು ಜನ ಮುತ್ತತ್ತಿರಾಯ ಎಂದು ಕರೆಯುತ್ತಾರೆ. 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿದ ಒಂದು ಗಂಡುಮಗುವಿಗೆ ಹೆತ್ತವರು ಈ ದೇವರ ಹೆಸರು ಹಿಡಿದು ಮುತ್ತುರಾಜ ಎಂದು ಹೆಸರಿಟ್ಟರು. 1954ರ ‘ಬೇಡರ ಕಣ್ಣಪ್ಪ’ ಚಿತ್ರಕ್ಕೆ ಅವರನ್ನು ನಾಯಕನಾಗಿ ಆರಿಸಿದ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ಆ ಹೆಸರು ಬದಲಿಸಿ ರಾಜ್‌ಕುಮಾರ್ ಮಾಡಿದರು. ಆಮೇಲೆ ಊರೂರಲ್ಲೂ ರಾಜ್‌ಕುಮಾರ್‌ಗಳು ಹುಟ್ಟಿದರು. ಮಂಡ್ಯದ ದೇವರಿಂದ ಹೆಸರು ಪಡೆದವರು ಮಂಡ್ಯದ ಮಕ್ಕಳಿಗೆ ಬೇರೆ ಹೆಸರು ಕೊಟ್ಟರು.

1972ರಲ್ಲಿ ಇಂಥದ್ದೇ ಇನ್ನೊಂದು ಘಟನೆ ನಡೆಯಿತು. ಪುಟ್ಟಣ್ಣ ಕಣಗಾಲ್ ಅವರು ‘ನಾಗರಹಾವು’ ಚಿತ್ರಕ್ಕೆ ಇಬ್ಬರು ಹುಡುಗರನ್ನು ತಂದರು. ಮೈಸೂರಿನ ಸಂಪತ್ ಕುಮಾರ್ ವಿಷ್ಣುವರ್ಧನ್ ಆದರು. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಮರನಾಥ್ ಅಂಬರೀಶ್ ಆದರು. ಸಂಪತ್ಕುಮಾರ ಎನ್ನುವುದು ಮೇಲುಕೋಟೆಯ ಉತ್ಸವಮೂರ್ತಿಯ ಹೆಸರೂ ಹೌದು. ವಿಷ್ಣುವರ್ಧನ ಎಂದರೆ ಅದೇ ಮೇಲುಕೋಟೆಯ ಕತೆಯಲ್ಲಿ ರಾಮಾನುಜರ ಜೊತೆ ಬರುವ ಹೊಯ್ಸಳ ದೊರೆ. ಅಂಬರೀಷ ಪುರಾಣದ ರಾಜ. ಹಳೆಯ ಹೆಸರುಗಳೇ ತೆರೆಯ ಮೇಲೆ ಹೊಸದಾಗಿ ಬಂದವು, ಅಲ್ಲಿಂದ ತೊಟ್ಟಿಲಿಗೆ ಇಳಿದವು. ಅಭಿಮಾನಿಗಳು ಮಕ್ಕಳಿಗೆ ಇಟ್ಟಿದ್ದು ನಟರಿಗೆ ಹೆತ್ತವರು ಇಟ್ಟ ಹೆಸರನ್ನಲ್ಲ, ನಿರ್ದೇಶಕರು ಇಟ್ಟದ್ದನ್ನು.

ಅದಕ್ಕೆ ಮೊದಲು ಈ ಕಡೆ ಹೆಸರುಗಳು ಹೇಗಿದ್ದವು? ಗಂಡಾದರೆ ತಾತನ ಹೆಸರು, ಹೆಣ್ಣಾದರೆ ಅಜ್ಜಿಯ ಹೆಸರು. ಮಾದಪ್ಪನ ಒಕ್ಕಲಾದರೆ ಮಾದೇವ, ನಂಜನಗೂಡಿಗೆ ನಡೆದುಕೊಳ್ಳುವವರಾದರೆ ನಂಜುಂಡ ಅಥವಾ ನಂಜಮ್ಮ, ಮೇಲುಕೋಟೆಯವರಾದರೆ ಚೆಲುವ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ ಎಂದು ಕರೆಯುತ್ತಿದ್ದರು. ಕಲ್ಲ, ಗುಂಡ ಎನ್ನುವುದೂ ಇತ್ತು. ಸಾವಿನ ಕಣ್ಣು ಬೀಳದಿರಲಿ ಎಂಬ ಆಸೆ. ಸಾಲಾಗಿ ಹೆಣ್ಣು ಹುಟ್ಟಿದರೆ ಕೊನೆಯವಳು ಸಾಕಮ್ಮ. ಈ ಹೆಸರು ಹೊತ್ತು ಬದುಕಿದ ಹೆಣ್ಣುಮಕ್ಕಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಹಿಂದೆ ವಿಚಿತ್ರ ಹೆಸರೇ ಇರಲಿಲ್ಲ ಎನ್ನುವವರು ಇದನ್ನು ಮರೆಯಬಾರದು.

ಇನ್ನೊಂದು ಮಾತೂ ಇದೆ. ಆ ಹೆಸರುಗಳಲ್ಲಿ ಜಾತಿ ಇತ್ತು. ಕೊನೆಯಲ್ಲಿ ಗೌಡ ಬಂದರೆ ಒಬ್ಬರು, ಶೆಟ್ಟಿ ಬಂದರೆ ಇನ್ನೊಬ್ಬರು. ಯಾರನ್ನು ಬಾಗಿಲ ಒಳಗೆ ಕೂರಿಸಬೇಕು, ಯಾರನ್ನು ಜಗಲಿಯ ಕೆಳಗೆ ನಿಲ್ಲಿಸಬೇಕು ಎನ್ನುವುದು ಎಷ್ಟೋ ಸಲ ಹೆಸರು ಕೇಳಿದೊಡನೆ ತೀರ್ಮಾನವಾಗುತ್ತಿತ್ತು. ಸಿನಿಮಾ ಹೆಸರಿಗೆ ಆ ಬಾಲ ಇರಲಿಲ್ಲ. ಟೆಂಟಿನಲ್ಲಿ ನೆಲದ ಮೇಲೆ ಕೂತು ಸಿನಿಮಾ ನೋಡಿದ ಕೂಲಿಯವರೂ ಮಗನನ್ನು ರಾಜ್‌ಕುಮಾರ ಎಂದು ಕರೆಯಬಹುದಿತ್ತು, ಮಗಳನ್ನು ಕಲ್ಪನಾ ಎಂದೋ ಜಯಂತಿ ಎಂದೋ ಕರೆಯಬಹುದಿತ್ತು. ಕಲ್ಪನಾ ಅವರ ಮೊದಲ ಹೆಸರು ಶರತ್ ಲತಾ, ಜಯಂತಿ ಅವರದ್ದು ಕಮಲಾ ಕುಮಾರಿ. ಅವರಿಗೆ ಚಿತ್ರರಂಗ ಕೊಟ್ಟ ಹೆಸರನ್ನು ಎಲ್ಲ ಕೇರಿಯವರೂ ತಮ್ಮದು ಮಾಡಿಕೊಂಡರು. ಹೆಸರೊಂದರಿಂದ ಜಾತಿ ಹೋಗಲಿಲ್ಲ ನಿಜ. ಆದರೆ ಶಾಲೆಯಲ್ಲಿ ಹಾಜರಿ ಕೂಗುವಾಗ ಎಲ್ಲ ಕೇರಿಯ ಮಕ್ಕಳೂ ಒಂದೇ ಥರದ ಹೆಸರಿಗೆ ‘ಪ್ರೆಸೆಂಟ್ ಸಾರ್’ ಎಂದರಲ್ಲ, ಅದನ್ನು ನಾನು ಸಣ್ಣದು ಎನ್ನಲಾರೆ. ಸಿನಿಮಾ ಹೆಸರನ್ನು ಹಗುರವಾಗಿ ನೋಡುವವರ ಜೊತೆ ನನ್ನ ಜಗಳ ಇದೇ.

ಆಮೇಲೆ ಟಿ.ವಿ. ಬಂತು, ಕ್ರಿಕೆಟ್ ಬಂತು. ಸಚಿನ್, ರಾಹುಲ್ ಎನ್ನುವ ಹೆಸರು ಕಬ್ಬಿನ ಗದ್ದೆಯ ಊರುಗಳಿಗೂ ತಲುಪಿತು. ಸಚಿನ್ ತೆಂಡೂಲ್ಕರ್ ಹೆಸರೂ ಅಭಿಮಾನದಿಂದಲೇ ಬಂದದ್ದು. ಅವರ ತಂದೆ ಸಂಗೀತ ನಿರ್ದೇಶಕ ಸಚಿನ್ ದೇವ್ ಬರ್ಮನ್ ಅವರನ್ನು ಮೆಚ್ಚಿ ಆ ಹೆಸರಿಟ್ಟಿದ್ದರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಈ ಕಡೆ ಎಷ್ಟೋ ಮನೆಗಳಲ್ಲಿ ಹುಟ್ಟಿದ ಗಂಡುಮಗು ಪುನೀತ್ ಅಥವಾ ಅಪ್ಪು ಆಯಿತು. ಪುನೀತ್ ಅವರಿಗೆ ಕೂಡ ಮೊದಲು ಇಟ್ಟಿದ್ದ ಹೆಸರು ಬೇರೆ, ಲೋಹಿತ್.

ಈಗಿನ ಬದಲಾವಣೆ ಬೇರೆ ಥರದ್ದು. ಮೊದಲು ಊರಿಗೆಲ್ಲ ಇರುವ ಹೆಸರನ್ನೇ ಇಡುತ್ತಿದ್ದರು, ಈಗ ಯಾರಿಗೂ ಇಲ್ಲದ ಹೆಸರು ಬೇಕು. ಅದಕ್ಕೆ ಮೊಬೈಲ್ ಒಂದೇ ಕಾರಣವಲ್ಲ, ಪಂಚಾಂಗದ ಪಾಲೂ ಇದೆ. 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಪಾದಕ್ಕೊಂದರಂತೆ ಒಟ್ಟು 108 ಅಕ್ಷರ. ಮಗು ಹುಟ್ಟಿದ ಪಾದದ ಅಕ್ಷರದಿಂದಲೇ ಹೆಸರು ಶುರುವಾಗಬೇಕು. ಹಸ್ತಾ ನಕ್ಷತ್ರದ ಅಕ್ಷರಗಳಲ್ಲಿ ‘ಣ’ ಮತ್ತು ‘ಠ’ ಇವೆ. ಆರಿದ್ರೆಯಲ್ಲಿ ‘ಙ’ ಇದೆ. ಅದರಿಂದ ಹೆಸರು ಹುಡುಕಿ ನೋಡಿ, ಕಷ್ಟ ಗೊತ್ತಾಗುತ್ತದೆ. ಹಿಂದಿನವರು ನಕ್ಷತ್ರದ ಹೆಸರನ್ನು ಪೂಜೆಗೆ ಇಟ್ಟುಕೊಂಡು ಕರೆಯಲು ಬೇರೆ ಹೆಸರಿಡುತ್ತಿದ್ದರು. ಈಗ ನಕ್ಷತ್ರದ ಅಕ್ಷರ, ಧಾರಾವಾಹಿಯ ನಾಯಕಿ, ಅಪ್ಪ ಅಮ್ಮನ ಹೆಸರಿನ ತುಣುಕು ಎಲ್ಲವನ್ನೂ ಒಂದೇ ಹೆಸರಿಗೆ ತುಂಬಲು ಹೋಗುತ್ತಾರೆ. ತೊಟ್ಟಿಲ ಶಾಸ್ತ್ರದಲ್ಲಿ ಸೋದರತ್ತೆ ಅದನ್ನು ಮಗುವಿನ ಕಿವಿಯಲ್ಲಿ ಹೇಳಲು ತಡವರಿಸಿದರೆ ಆಶ್ಚರ್ಯವೇನು?

ಹೊಸದನ್ನೂ ಹಳೆಯದನ್ನೂ ಜೊತೆಗಿಡುವ ದಾರಿ ಇದೆ. ಮೈಸೂರು ರಾಜಮನೆತನದಲ್ಲಿ 2017ರ ಡಿಸೆಂಬರ್‌ನಲ್ಲಿ ಹುಟ್ಟಿದ ಮಗುವಿಗೆ ಆದ್ಯವೀರ ನರಸಿಂಹರಾಜ ಒಡೆಯರ್ ಎಂದು ಹೆಸರಿಟ್ಟರು. ಮೊದಲ ಭಾಗ ಈ ಕಾಲದ್ದು, ಆಮೇಲಿನದ್ದು ವಂಶದ್ದು.

ಯಾವ ಹೆಸರಾದರೂ ಆಗಲಿ, ಸುಮ್ನೆ ಅವಸರಪಡಬೇಕಾಗಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಜನನವನ್ನು 21 ದಿನದೊಳಗೆ ತಿಳಿಸಬೇಕು. ಹೆಸರನ್ನು ಆಮೇಲೂ ಸೇರಿಸಬಹುದು. 12 ತಿಂಗಳವರೆಗೆ ಶುಲ್ಕವಿಲ್ಲ, ನಂತರ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ ಬರೆಸುವಾಗ ಎಚ್ಚರ ಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಆಧಾರ್, ಮತದಾರರ ಪಟ್ಟಿ, ಚಾಲನಾ ಪರವಾನಗಿ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಹೊಸ ಹೆಸರಾದರೆ ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಅರ್ಜಿ ಕೊಡುವ ಮುನ್ನ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಕಾಗದದ ಮೇಲೆ ಬರೆದುಕೊಂಡು ಹೋಗಿ, ಪ್ರಮಾಣಪತ್ರ ಕೈಗೆ ಬಂದಾಗ ಅಲ್ಲೇ ನಿಂತು ಒಂದೊಂದು ಅಕ್ಷರವನ್ನೂ ಓದಿ ನೋಡಿ.