ಪಾತ್ರೆಚೂರು: ಮುರಿದ ಲೋಹದ ತುಂಡನ್ನು ಗುರುತಿಸುವುದು ಹೇಗೆ?

ಹಳೆ ಮನೆ ಕೆಡವುವಾಗ, ಬಾವಿಯ ಹೂಳೆತ್ತುವಾಗ, ಅಡಿಕೆ ತೋಟದಲ್ಲಿ ಗುಂಡಿ ತೋಡುವಾಗ ಒಮ್ಮೊಮ್ಮೆ ಕಿಲುಬು ಹಿಡಿದ ಲೋಹದ ತುಂಡು ಸಿಗುತ್ತದೆ. ಅಂಗೈ ಅಗಲ ಇರುತ್ತದೆ, ಸ್ವಲ್ಪ ಬಾಗಿರುತ್ತದೆ, ಒಂದು ಕಡೆ ಅಂಚು ದಪ್ಪ. ಮಂಗಳೂರು, ಉಡುಪಿ ಕಡೆ ಇಂಥದ್ದು ಹೆಚ್ಚಾಗಿ ಸೀದಾ ಗುಜರಿಗೆ ಹೋಗುತ್ತದೆ. ಮಡಕೆ ಚೂರಿಗೆ ಇತಿಹಾಸದವರ ನಡುವೆ ಇರುವ ಮರ್ಯಾದೆ ಲೋಹದ ಚೂರಿಗೆ ಇನ್ನೂ ಸಿಕ್ಕಿಲ್ಲ. ನಾನು ಇಲ್ಲಿ ಪಾತ್ರೆಚೂರು ಅನ್ನುವುದು ಇದನ್ನೇ: ಅಡುಗೆಗೆ ಬಳಸಿದ ಲೋಹದ ಪಾತ್ರೆಯಿಂದ ಮುರಿದು ಉಳಿದ, ಇಡೀ ಪಾತ್ರೆಯಲ್ಲಿ ತನ್ನ ಜಾಗ ಯಾವುದು ಅಂತ ಇನ್ನೂ ಹೇಳಬಲ್ಲ ತುಂಡು. ಬಾಯಿಯ ಅಂಚು, ಕಂಠ, ಹೊಟ್ಟೆ, ತಳ, ಕಿವಿ, ಹಿಡಿ, ಕಾಲು. ಇವುಗಳಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಇಡೀ ಪಾತ್ರೆ ಯಾಕೆ ಸಿಗುವುದಿಲ್ಲ? ಲೋಹಕ್ಕೆ ಯಾವತ್ತೂ ಬೆಲೆ ಇತ್ತು. ಒಡೆದ ತಂಬಿಗೆಯನ್ನು ತೂಕಕ್ಕೆ ಹಾಕಿ ಹೊಸ ಪಾತ್ರೆ ತರುವ ಪದ್ಧತಿ ನಮ್ಮಲ್ಲಿ ಈಗಲೂ ಇದೆ. ಹಿಂದೆ ಎಲ್ಲ ಕಡೆಯೂ ಹಾಗೇ, ಹಳೆಯದೆಲ್ಲ ಮತ್ತೆ ಮೂಸೆಗೆ. ಹಾಗಾಗಿ ಮಣ್ಣಿನಲ್ಲಿ ಉಳಿದದ್ದು ಕೈತಪ್ಪಿ ಬಿದ್ದ ಚೂರುಗಳೇ ಜಾಸ್ತಿ. ಇವುಗಳನ್ನು ತಾಳ್ಮೆಯಿಂದ ದಾಖಲಿಸಿದ್ದರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಮುಂದೆ. ಅಲ್ಲಿ ಹೊಲದಲ್ಲಿ ಲೋಹಶೋಧಕ ಹಿಡಿದು ಹುಡುಕುವ ಹವ್ಯಾಸಿಗಳಿಗೆ ಸಿಕ್ಕಿದ್ದನ್ನು ಬರೆದಿಡಲು 1997ರಲ್ಲಿ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಶುರುವಾಯಿತು, ಈಗ ಅದರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳ ದಾಖಲೆ ಇದೆ. ಮಧ್ಯಯುಗದ ಮತ್ತು ಆಮೇಲಿನ ಅಡುಗೆ ಪಾತ್ರೆಗಳ ಕಾಲು, ಅಂಚುಗಳು ಅದರಲ್ಲಿ ಬೇಕಾದಷ್ಟಿವೆ. ಅವರು ನೋಡುವ ಕ್ರಮ ನಮಗೂ ಉಪಯೋಗಕ್ಕೆ ಬರುತ್ತದೆ. ಅವರು ಕೊಡುವ ಕಾಲ ಮತ್ತು ಆಕಾರ ಮಾತ್ರ ಅಲ್ಲಿನವು, ಅವನ್ನು ಇಲ್ಲಿನ ಚೂರಿಗೆ ಅಂಟಿಸಬಾರದು.

ಮೊದಲು ನೋಡಬೇಕಾದ್ದು ಮುರಿದ ಜಾಗವನ್ನು. ಎಲ್ಲರೂ ಮೇಲ್ಮೈ ನೋಡುತ್ತಾರೆ, ಅದರಲ್ಲಿ ಕಿಲುಬು ಬಿಟ್ಟರೆ ಏನೂ ಕಾಣುವುದಿಲ್ಲ. ಮುರಿದ ಅಂಚನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಮೂರು ನಾಲ್ಕು ಮಿಲಿಮೀಟರ್ ದಪ್ಪ ಇದೆ, ಒಳಗೆ ಹರಳು ಹರಳಾಗಿದೆ, ಅಲ್ಲಲ್ಲಿ ಗಾಳಿಗುಳ್ಳೆಯ ಸಣ್ಣ ತೂತುಗಳಿವೆ ಅಂದರೆ ಅದು ಎರಕದ ಪಾತ್ರೆ. ಒಂದು ಮಿಲಿಮೀಟರ್ ಆಸುಪಾಸು ತೆಳ್ಳಗಿದ್ದು, ಮುರಿಯುವ ಬದಲು ಮಡಚಿ ಹರಿದಂತಿದ್ದರೆ ತಗಡು ಬಡಿದು ಮಾಡಿದ್ದು. ನಮ್ಮ ತಾಮ್ರದ ಹಂಡೆ, ಕೊಪ್ಪರಿಗೆಗಳು ಈ ಎರಡನೇ ಜಾತಿ. ಅಗಲ ಬಾಯಿಯ ಕಂಚಿನ ಉರುಳಿ ಮೊದಲನೆಯದು.

ಕಂಚಿನ ವಿಷಯದಲ್ಲಿ ಒಂದು ಎಚ್ಚರ ಬೇಕು. ಊಟದ ಬಟ್ಟಲಿಗೆ, ತಟ್ಟೆಗೆ ಬಳಸುವ ಒಳ್ಳೆ ಕಂಚಿನಲ್ಲಿ ನೂರಕ್ಕೆ ಸುಮಾರು 22 ಪಾಲು ತವರ ಇರುತ್ತದೆ. ಅದನ್ನು ಕೆಂಪಗೆ ಕಾಯಿಸಿ ಬಡಿದು ನೀರಲ್ಲಿ ಅದ್ದುತ್ತಾರೆ. ತಣ್ಣಗಿರುವಾಗ ಬಡಿದರೆ ಒಡೆದೇ ಹೋಗುತ್ತದೆ. ಹಾಗಾಗಿ ಬಡಿದು ಮಾಡಿದ ಕಂಚಿನ ಬಟ್ಟಲು ತೆಳ್ಳಗಿದ್ದರೂ ತಗಡಿನ ಹಾಗೆ ಮಡಚುವುದಿಲ್ಲ, ಗಾಜಿನ ಹಾಗೆ ಚೂರಾಗುತ್ತದೆ. ತೆಳ್ಳಗೆ, ಚೂಪಾಗಿ ಒಡೆದಿರುವ ತುಂಡು, ಹೊಸದಾಗಿ ಮುರಿದ ಜಾಗದಲ್ಲಿ ಬಿಳಿಚಿದ ಹಳದಿ ಬಣ್ಣ: ಹೀಗಿದ್ದರೆ ಮೊದಲು ಕಂಚಿನ ಬಟ್ಟಲು ಅಂತ ಯೋಚಿಸಿ. ಹಾಗಂತ ಬಣ್ಣ ನೋಡುವ ಆಸೆಗೆ ಹಳೆ ಚೂರನ್ನು ಹೊಸದಾಗಿ ಮುರಿಯಬೇಡಿ, ದಯವಿಟ್ಟು.

ಯುರೋಪಿನ ಮಧ್ಯಯುಗದ ಅಡುಗೆ ಪಾತ್ರೆಯ ಲೋಹವೇ ಬೇರೆ. ಅಲ್ಲಿ ತಾಮ್ರ, ತವರದ ಜೊತೆ ಸೀಸವನ್ನು ಧಾರಾಳವಾಗಿ ಬೆರೆಸುತ್ತಿದ್ದರು. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು, ಸೀಸಕ್ಕೆ 327 ಸಾಕು. ಸೀಸ ಸೇರಿದ ಲೋಹ ಕಡಿಮೆ ಬಿಸಿಗೆ ನೀರಾಗಿ ಅಚ್ಚಿನ ಮೂಲೆ ಮೂಲೆಗೂ ಹರಿಯುತ್ತದೆ, ಮತ್ತೆ ಅಗ್ಗ ಬೇರೆ. ಆರೋಗ್ಯಕ್ಕೆ ಅದು ಒಳ್ಳೆಯದಲ್ಲ, ಆದರೆ ಆಗ ಅದರ ಲೆಕ್ಕ ಯಾರೂ ಇಟ್ಟಿರಲಿಲ್ಲ. ಅಂಥ ಚೂರು ಕೈಗೆ ತೆಗೆದುಕೊಂಡರೆ ಗಾತ್ರಕ್ಕೆ ಮೀರಿದ ಭಾರ ಇರುತ್ತದೆ, ಮುರಿದ ಜಾಗ ಮಂಕಾದ ಬೂದು.

ಎರಕದ ಚೂರಿನಲ್ಲಿ ಅಚ್ಚಿನ ಗುರುತು ಹುಡುಕಬೇಕು. ಹೊರ ಅಚ್ಚಿನ ಎರಡು ಹೋಳು ಸೇರಿದ ಕಡೆ ಲೋಹ ಸ್ವಲ್ಪ ಉಬ್ಬಿ ಒಂದು ಗೆರೆಯಾಗಿರುತ್ತದೆ. ತಳದ ನಡುವೆ ಲೋಹ ಹೊಯ್ದ ಬಾಯಿಯ ಗುರುತು, ಅಂದರೆ ಕಡಿದು ಉಜ್ಜಿದ ಒಂದು ಒರಟು ಗಡ್ಡೆ. ಕೆಲವು ಚೂರುಗಳಲ್ಲಿ ಪುಟ್ಟ ಚೌಕದ ತೇಪೆಯಂತೆ ಕಾಣುವ ಕಲೆಗಳಿರುತ್ತವೆ. ಅವು ತೇಪೆ ಅಲ್ಲ. ಒಳ ಅಚ್ಚಿಗೂ ಹೊರ ಅಚ್ಚಿಗೂ ನಡುವೆ ಸಂದು ಸಮವಾಗಿ ಉಳಿಯಲಿ ಅಂತ ಇಟ್ಟ ಲೋಹದ ಬಿಲ್ಲೆಗಳು, ಸುರಿದ ಲೋಹದಲ್ಲಿ ಪೂರ್ತಿ ಕರಗದೆ ಹಾಗೇ ಉಳಿದುಬಿಟ್ಟಿವೆ. ಇದನ್ನು ಮೊದಲ ಸಲ ಭೂತಗನ್ನಡಿಯಲ್ಲಿ ಕಂಡವರಿಗೆ ಆಗುವ ಖುಷಿಯೇ ಬೇರೆ, ಎರಕ ಹೊಯ್ದವನ ಕೈ ಎಲ್ಲಿತ್ತು ಅಂತ ಗೊತ್ತಾದ ಹಾಗೆ. ಮೇಣದ ಮಾದರಿಗೆ ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು ಹೊಯ್ದದ್ದಾದರೆ ಜೋಡಣೆಯ ಗೆರೆ ಇರುವುದಿಲ್ಲ, ಯಾಕೆಂದರೆ ಅಲ್ಲಿ ಹೊರ ಅಚ್ಚು ಒಂದೇ.

ಇನ್ನು ಬಾಯಿಯ ಅಂಚು. ಪಾತ್ರೆಯ ಗಾತ್ರ ಹೇಳುವುದು ಇದೇ. ಅಂಚಿನ ಚೂರನ್ನು ಕಾಗದದ ಮೇಲೆ ಕವುಚಿಟ್ಟು ಹೊರಗಿನ ಬಾಗನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಬಾಗಿನ ಎರಡು ತುದಿಯನ್ನು ನೇರ ಗೆರೆಯಿಂದ ಸೇರಿಸಿ, ಆ ಗೆರೆಯ ಉದ್ದ ಅಳೆಯಿರಿ. ಆಮೇಲೆ ಗೆರೆಯ ನಡುವಿನಿಂದ ಬಾಗಿಗೆ ಇರುವ ಎತ್ತರ ಅಳೆಯಿರಿ. ಉದ್ದದ ವರ್ಗವನ್ನು ಎತ್ತರದ ಎಂಟು ಪಟ್ಟಿನಿಂದ ಭಾಗಿಸಿ, ಅದಕ್ಕೆ ಎತ್ತರದ ಅರ್ಧ ಕೂಡಿಸಿದರೆ ತ್ರಿಜ್ಯ ಸಿಗುತ್ತದೆ. ಉದಾಹರಣೆಗೆ ಗೆರೆ 8 ಸೆಂಟಿಮೀಟರ್, ಎತ್ತರ ಅರ್ಧ ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. 64ನ್ನು 4ರಿಂದ ಭಾಗಿಸಿದರೆ 16, ಅದಕ್ಕೆ ಕಾಲು ಸೇರಿಸಿದರೆ 16.25. ಬಾಯಿಯ ಅಗಲ ಇದರ ಎರಡರಷ್ಟು, 32.5 ಸೆಂಟಿಮೀಟರ್. ಅದು ತಂಬಿಗೆ ಅಲ್ಲ, ಉರುಳಿಯೋ ದೊಡ್ಡ ಬಾಣಲೆಯೋ ಇರಬೇಕು. ಚೂರು ಸಣ್ಣದಾದಷ್ಟೂ ಲೆಕ್ಕ ಹುಸಿಯಾಗುತ್ತದೆ, ಎತ್ತರದಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಉತ್ತರ ಎಲ್ಲೋ ಹೋಗುತ್ತದೆ. ತಗಡಿನ ಚೂರಿಗಂತೂ ಈ ಲೆಕ್ಕ ನಂಬಬೇಡಿ, ಅದು ಮಣ್ಣಿನ ಭಾರಕ್ಕೆ ಬಾಗಿರುತ್ತದೆ.

ಅಂಚು ಸಿಕ್ಕಿದ ಕೂಡಲೇ ಪಾತ್ರೆ ಅಂತ ತೀರ್ಮಾನಿಸುವುದೂ ತಪ್ಪು. ಗಂಟೆಯ ಅಂಚೂ ದಪ್ಪ, ಬಾಗಿದ್ದು, ಎರಕದ್ದು. ಆದರೆ ಗಂಟೆ ಒಲೆ ಮೇಲೆ ಕೂತಿರುವುದಿಲ್ಲ. ಅಡುಗೆ ಪಾತ್ರೆಯ ದೊಡ್ಡ ಸಾಕ್ಷಿ ಹೊರಗಿನ ಮಸಿ. ಕಿಲುಬಿನ ಅಡಿಯಲ್ಲಿ ಕಪ್ಪು ಪದರ ಇದ್ದರೆ ಅದು ಒಲೆಯ ಹೊಗೆ ಆಗಿರಬಹುದು, ಒಳಗೆ ಗಟ್ಟಿಯಾಗಿ ಕರಟಿದ್ದು ಅಂಟಿದ್ದರೆ ಅಡುಗೆಯೇ ಆಗಿರಬಹುದು. ಅದಕ್ಕೇ ಸಿಕ್ಕಿದ್ದನ್ನು ಹುಣಸೆಹುಳಿ ಹಾಕಿ ಉಜ್ಜಬೇಡಿ ಅಂತ ಗೋಗರೆಯುವುದು. ನಮ್ಮ ಕಡೆ ಹಿತ್ತಾಳೆ ಕಂಡರೆ ಕೈ ಸುಮ್ನೆ ಇರುವುದಿಲ್ಲ. ಫಳಫಳ ಹೊಳೆಯುವ ಚೂರು ನೋಡಲು ಚಂದ, ಆದರೆ ಮಸಿ, ಕರಟು, ಕಲಾಯಿ ಮೂರೂ ಸಿಂಕಿನಲ್ಲಿ ಹರಿದು ಹೋಗಿರುತ್ತವೆ.

ಕಲಾಯಿಯ ಗುರುತು ಇನ್ನೊಂದು ದೊಡ್ಡ ಸಾಕ್ಷಿ. ಹುಳಿ ಹಾಕಿದ ಅಡುಗೆ ತಾಮ್ರ, ಹಿತ್ತಾಳೆಯಲ್ಲಿ ಕೆಡುತ್ತದೆ, ಅದಕ್ಕೆ ಒಳಗೆ ತವರದ ತೆಳು ಲೇಪ. ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, 232 ಡಿಗ್ರಿಗೇ ಕರಗುವ ತವರವನ್ನು ಅರಳೆಯಲ್ಲಿ ಒರೆಸುತ್ತಾ ಹೋಗುವುದು ಕಲಾಯಿಯವರ ಕೆಲಸ. ಚೂರಿನ ಒಂದು ಮುಖದಲ್ಲಿ ಮಾತ್ರ ಬೆಳ್ಳಿ ಬಣ್ಣದ ಪದರ ಉಳಿದಿದ್ದರೆ ಆ ಮುಖವೇ ಪಾತ್ರೆಯ ಒಳಭಾಗ. ಒಳ್ಳೆ ಕಂಚಿಗೆ ಕಲಾಯಿ ಬೇಕಿಲ್ಲ. ಅಂದರೆ ಕಲಾಯಿ ಕಂಡರೆ ತಾಮ್ರ, ಹಿತ್ತಾಳೆ ಕಡೆಗೇ ಯೋಚನೆ ಹೋಗಬೇಕು.

ಇಂಗ್ಲೆಂಡಿನ ದಾಖಲೆಗಳಲ್ಲಿ ಕಾಲುಗಳು ಅಷ್ಟೊಂದು ಸಿಗುವುದಕ್ಕೆ ಕಾರಣ ಅವರ ಒಲೆ. ಅಲ್ಲಿ ನೆಲಮಟ್ಟದ ಬೆಂಕಿಯ ಕೆಂಡದ ಮೇಲೇ ನಿಲ್ಲುವ ಮೂರು ಕಾಲಿನ ಎರಕದ ಪಾತ್ರೆಗಳು ಹಲವು ಶತಮಾನ ನಡೆದವು. ಕಾಲು ಗಟ್ಟಿ, ಹೊಟ್ಟೆ ತೆಳು, ಹಾಗಾಗಿ ಒಡೆದಾಗ ಕಾಲು ಉಳಿಯಿತು. ಸಿಕ್ಕ ಕಾಲಿನ ಮೇಲ್ತುದಿಯಲ್ಲಿ ಪಾತ್ರೆಯ ಒಂದು ಚೂರು ಅಂಟಿಕೊಂಡಿದ್ದರೆ ಅದೃಷ್ಟ. ಅದು ಓರೆಯಾಗಿ ಬಾಗಿದ್ದರೆ ಗುಂಡು ಹೊಟ್ಟೆಯ ಪಾತ್ರೆ, ಚಪ್ಪಟೆ ಇದ್ದರೆ ಉದ್ದ ಹಿಡಿಯ ಸಣ್ಣ ಪಾತ್ರೆ. ನಮ್ಮಲ್ಲಿ ಒಲೆಯ ಮೂರು ಗುಂಡುಗಳೇ ಆ ಕಾಲಿನ ಕೆಲಸ ಮಾಡುತ್ತಿದ್ದವು, ಪಾತ್ರೆಗೆ ಬೇಕಿದ್ದದ್ದು ಗುಂಡನೆಯ ತಳ ಮತ್ತು ಎತ್ತಿ ಇಳಿಸಲು ಎರಡು ಕಿವಿ. ಹಾಗಾಗಿ ಕರಾವಳಿಯಲ್ಲಿ ಕಾಲಿನ ತುಂಡು ಸಿಕ್ಕರೆ ಅಡುಗೆ ಪಾತ್ರೆಗಿಂತ ಮೊದಲು ದೀಪ, ಪೂಜೆಯ ಪೀಠ ಇಂಥದ್ದನ್ನು ನೆನಪಿಸಿಕೊಳ್ಳಿ.

ಅಕ್ಷರ ಸಿಕ್ಕರೆ ಬಿಡಬೇಡಿ. 17ನೇ ಶತಮಾನದ ಇಂಗ್ಲೆಂಡಿನ ಕೆಲವು ಪಾತ್ರೆಗಳ ಹಿಡಿಯ ಮೇಲೆ "ಬಡವರಿಗೆ ಮರುಗು", "ಪಾಪದ ಸಂಬಳ ಸಾವು" ಅಂತೆಲ್ಲ ಎರಕದಲ್ಲೇ ಬರುತ್ತಿತ್ತು. ನಮ್ಮಲ್ಲಿ ಮನೆಯವರ ಹೆಸರು, ಮದುವೆಗೆ ಕೊಟ್ಟವರ ಹೆಸರು ಸಣ್ಣ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಕೆತ್ತಿಸುತ್ತಾರೆ. ಓರೆ ಬೆಳಕಿನಲ್ಲಿ ಮಾತ್ರ ಕಾಣುತ್ತದೆ ಅದು.

ಕಾಲ ಹೇಳುವುದೇ ಎಲ್ಲಕ್ಕಿಂತ ಕಷ್ಟ. ಒಂದೇ ಆಕಾರದ ಉರುಳಿ ತಲೆಮಾರುಗಟ್ಟಲೆ ನಡೆಯುತ್ತದೆ, ಆಕಾರ ನೋಡಿ ಇದು ಹಿಂದೆ ಕರಾವಳಿ ಆಳಿದ ಆಳುಪರ ಕಾಲದ್ದು, ಅವರ ರಾಜಧಾನಿಯಾಗಿದ್ದ ಬಾರ್ಕೂರಿನದ್ದು ಅಂತ ಹೇಳಿಬಿಡುವವರನ್ನು ನಂಬಬೇಡಿ. ಖಚಿತವಾಗಿ ಹೇಳಬಹುದಾದ ಕೆಲವು ಗಡಿಗಳಿವೆ. ಅಲ್ಯೂಮಿನಿಯಂ ಅಗ್ಗವಾಗಿ ಸಿಗತೊಡಗಿದ್ದು 1886ರಲ್ಲಿ ಅದನ್ನು ವಿದ್ಯುತ್ತಿನಿಂದ ತೆಗೆಯುವ ವಿಧಾನ ಬಂದ ಮೇಲೆ, ಹಾಗಾಗಿ ಆ ಲೋಹದ ಪಾತ್ರೆಚೂರು ಅದಕ್ಕಿಂತ ಹಳೆಯದಲ್ಲ. ಇಂಗ್ಲೆಂಡಿನಲ್ಲಿ ಅಬ್ರಹಾಂ ಡಾರ್ಬಿ ಬೀಡು ಕಬ್ಬಿಣದ ಪಾತ್ರೆಯನ್ನು ಮರಳಿನ ಅಚ್ಚಿನಲ್ಲಿ ಹೊಯ್ಯಲು ಪೇಟೆಂಟ್ ಪಡೆದದ್ದು 1707ರಲ್ಲಿ, ಆಮೇಲೆ ಅಲ್ಲಿನ ಅಡುಗೆಮನೆಯಲ್ಲಿ ಕಂಚಿನ ಜಾಗಕ್ಕೆ ನಿಧಾನವಾಗಿ ಬೀಡು ಬಂತು. ಉಳಿದಂತೆ ಕಾಲ ಹೇಳುವುದು ಚೂರು ಸಿಕ್ಕ ಮಣ್ಣಿನ ಪದರ. ಯಾವ ಆಳದಲ್ಲಿ, ಯಾವ ಮಡಕೆ ಚೂರುಗಳ ಜೊತೆ, ಮುರಕಲ್ಲಿನ ಪಾಯದ ಮೇಲೋ ಕೆಳಗೋ. ಅದನ್ನು ಬರೆದಿಡದೆ ಚೂರನ್ನು ಮಾತ್ರ ಎತ್ತಿಕೊಂಡರೆ ಆ ಮಾಹಿತಿ ಮತ್ತೆ ಸಿಗುವುದಿಲ್ಲ.

ಇಡೀ ಪಾತ್ರೆ ನೋಡಿ ಅಭ್ಯಾಸ ಇಲ್ಲದವರಿಗೆ ಚೂರು ಗುರುತು ಹತ್ತುವುದಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಗ್ರಾಮಕ್ಕೆ, ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹಾಲಯಕ್ಕೆ ಹೋದಾಗ ಪಾತ್ರೆಗಳ ಹೊಟ್ಟೆ ನೋಡಬೇಡಿ, ಅಂಚು ನೋಡಿ, ಕಿವಿ ಕೂತ ಜಾಗ ನೋಡಿ, ತೇಪೆ ಹಾಕಿದ ರಿವಿಟ್ ನೋಡಿ. ಅದಕ್ಕಿಂತ ಹತ್ತಿರದ ಪಾಠಶಾಲೆ ಅಜ್ಜಿ ಮನೆಯ ಅಟ್ಟ.

ಸಿಕ್ಕಿದ ಚೂರನ್ನು ಒಣಗಿಸಿ, ಮೆತ್ತಗಿನ ಬ್ರಷ್‌ನಿಂದ ಮಣ್ಣು ಮಾತ್ರ ತೆಗೆಯಿರಿ. ತಿಳಿ ಹಸಿರು ಪುಡಿ ಉದುರುತ್ತಲೇ ಇದ್ದರೆ ಅದು ಉಪ್ಪಿನ ಅಂಶದಿಂದ ಬರುವ ರೋಗ, ಕಡಲ ಗಾಳಿಯಲ್ಲಿ ಬೇಗ ಹಬ್ಬುತ್ತದೆ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಳಮುಖ, ಹೊರಮುಖ, ಮುರಿದ ಅಂಚು ಮೂರನ್ನೂ ಬೇರೆ ಬೇರೆ ಫೋಟೋ ತೆಗೆಯಿರಿ. ತೂಕ, ದಪ್ಪ, ಸಿಕ್ಕ ಜಾಗ ಬರೆದಿಡಿ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಪುರಾತನ ವಸ್ತು ಆಗಬಹುದು, ಆದ್ದರಿಂದ ಮಾರುವ ಮುಂಚೆ ಪುರಾತತ್ವ ಇಲಾಖೆಯವರಿಗೆ ತೋರಿಸಿ. ಫೋಟೋ ಕಳಿಸುವಾಗ ಮುರಿದ ಅಂಚಿನದ್ದನ್ನೇ ಮೊದಲು ಕಳಿಸಿ, ಅವರು ಕೇಳುವುದೂ ಅದನ್ನೇ.